ಕಪ್ಪೋ, ಬೂದೋ

"ಇನ್ನೊಂದ್ಸಲ ನುಡಿಸು," ಎಂದ ಭಾವ.

ಡ್ರಮ್ಮರ್ ಹಲ್ಲು ಕಚ್ಚಿಕೊಂಡು ಮತ್ತೆ ನುಡಿಸಿದ. ಬೆಳಗ್ಗೆಯಿಂದ ಇದು ಏಳನೆಯ ಸಲ. ವಾದ್ಯದಂಗಡಿಯ ಮೇಜಿನ ಮೇಲೆ ಎರಡು ಅರೇಂಜರ್ ಕೀಬೋರ್ಡುಗಳು ಅಕ್ಕಪಕ್ಕ ಇದ್ದವು, ಒಂದು ಕಪ್ಪು, ಒಂದು ಬೂದು. ಎಡಗೈಯಲ್ಲಿ ಮೂರು ಸ್ವರ ಕೂಡಿಸಿ ಕಾರ್ಡ್ ಹಿಡಿದರೆ ಸಾಕು, ಡ್ರಮ್ಸು, ಬೇಸು, ಗಿಟಾರು ಎಲ್ಲವನ್ನೂ ತಾವೇ ಬಾರಿಸುವ ಯಂತ್ರಗಳು. ಅಂದರೆ, ಭಾವನ ಆರ್ಕೆಸ್ಟ್ರಾದಲ್ಲಿ ಹದಿನೆಂಟು ವರ್ಷ ರಟ್ಟೆ ಮುರಿದು ಬಾರಿಸಿದವನ ಅನ್ನಕ್ಕೆ ಕಲ್ಲು ಹಾಕುವ ಯಂತ್ರಗಳು.

ವಿಷಯ ಅವನಿಗೆ ತಿಳಿದದ್ದು ಅಕ್ಕನಿಂದ. ಹೊಸ ಕೀಬೋರ್ಡ್ ಬಂದ ಮೇಲೆ ಡ್ರಮ್ಸ್ ಬೇಡವಂತೆ ಎಂದು ಬಾಯಿ ತಪ್ಪಿ ಹೇಳಿ, ಮಿಕ್ಕದ್ದನ್ನು ನಿನ್ನ ಭಾವನೇ ಹೇಳ್ತಾರೆ ಎಂದು ಫೋನ್ ಇಟ್ಟುಬಿಟ್ಟಿದ್ದಳು. ಭಾವ ಕಳಿಸಿದ್ದು ಒಂದೇ ಸಾಲಿನ ಮೆಸೇಜು: ಬಾ, ಕೀಬೋರ್ಡು ನೀನೇ ಆರಿಸು. ಕತ್ತು ಕೊಯ್ಯುವುದು ಸಾಲದೆಂದು ಕತ್ತಿಯನ್ನೂ ನನ್ನ ಕೈಯಲ್ಲೇ ಮಸೆಸುತ್ತಾನಲ್ಲ, ಎಂಥಾ ಮನುಷ್ಯ!

ಬಸ್ಸಿನಲ್ಲಿ ಡ್ರಮ್ಮರ್ ದಾರಿಯುದ್ದಕ್ಕೂ ಭಾವನನ್ನು ಚುಚ್ಚಿಯೇ ಬಂದಿದ್ದ. ಯಂತ್ರಕ್ಕೆ ಊಟ ಬೇಡ, ನಿದ್ದೆ ಬೇಡ, ಭಾಮೈದ ಅನ್ನೋ ದಾಕ್ಷಿಣ್ಯವೂ ಬೇಡ ಎಂದ. ಭಾವ ಕಿಟಕಿಯಾಚೆ ನೋಡುತ್ತ ಕೂತ. ಉತ್ತರ ಕೊಡುವಷ್ಟೂ ಲೆಕ್ಕಕ್ಕಿಲ್ಲ ತಾನು.

ಅಂಗಡಿಯಲ್ಲೂ ಅದೇ ಗತ್ತು. ಅಂಗಡಿಯವನು ಎರಡರ ಗುಣಗಾನ ಮಾಡುವಾಗ ಭಾವ ಅವನ ಬಾಯನ್ನೇ ದಿಟ್ಟಿಸಿ ಹೂಂಗುಟ್ಟಿದ. ತಾನು ಒಂದು ಕೀಲಿಯನ್ನೂ ಮುಟ್ಟಲಿಲ್ಲ. ಡ್ರಮ್ಮರನಿಗೆ ಸರಿಹೋಗುವಂತೆ ಸ್ಟೂಲು ತಿರುಗಿಸಿ ಎತ್ತರಿಸಿದ, ಕೈಗೆ ಹೊಂದುತ್ತಾ ಎಂದು ಕೇಳಿದ. ಆಮೇಲೆ ತೂಕ ನೋಡಲೆಂದು ಎರಡನ್ನೂ ಒಂದೊಂದಾಗಿ ಚೀಲಕ್ಕೆ ಹಾಕಿಸಿ, ಅವನ ಹೆಗಲಿಗೇ ಏರಿಸಿ, ಭಾರವಾಯಿತಾ ಎಂದು ವಿಚಾರಿಸಿದ. ಕೆಲಸ ಕಿತ್ತುಕೊಂಡ ಮೇಲೆ ಹೊರುವ ಚಾಕರಿಯೂ ನನಗೇನಾ ಎಂದು ಡ್ರಮ್ಮರನ ಮೈಯೆಲ್ಲ ಉರಿದುಹೋಯಿತು.

ಕೀಬೋರ್ಡ್ ಅವನಿಗೂ ಚೆನ್ನಾಗಿಯೇ ಬರುತ್ತಿತ್ತು. ಹೇಳಿಕೊಟ್ಟವನು ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸುವ ಭಾವನೇ. ಕಪ್ಪಿನಲ್ಲಿ ತಾಳ ಒಂದಿಷ್ಟೂ ಅಲುಗಲಿಲ್ಲ. ಹೊಟ್ಟೆ ಉರಿಯುವಷ್ಟು ಚೆನ್ನಾಗಿತ್ತು. ಬೂದಿನಲ್ಲಿ ಮಾತ್ರ, ಆರು ಮಾತ್ರೆಯ ತಾಳದಲ್ಲಿ ಕಾರ್ಡ್ ಬದಲಾದಾಗಲೆಲ್ಲ ಡ್ರಮ್ಸು ಕೂದಲೆಳೆಯಷ್ಟು ಹಿಂದೆ ಬೀಳುತ್ತಿತ್ತು. ಡ್ರಮ್ಸ್ ಬಾರಿಸಿದವನಿಗಲ್ಲದೆ ಇನ್ಯಾರಿಗೂ ಅದು ಥಟ್ಟನೆ ಹೊಳೆಯದು. ಆದರೆ ಹಾಡುವವರು ಎಡವುತ್ತಾರೆ, ಏಕೆಂದು ತಿಳಿಯದೆ ಒದ್ದಾಡುತ್ತಾರೆ. ನಾಲ್ಕೇ ಕಾರ್ಯಕ್ರಮ, ಆಮೇಲೆ ಭಾವ ಮನೆ ಬಾಗಿಲಿಗೆ ಬಂದು ಅವನನ್ನು ಕರೆಯಬೇಕು. ಆಗ ಆಟ ಆಡಿಸುತ್ತೇನೆ ಎಂದುಕೊಂಡ.

"ಯಾವುದು?" ಭಾವ ಅವನ ಎದುರಿಗೆ ಬಂದು ಕೇಳಿದ.

"ಬೂದು. ಕಣ್ಮುಚ್ಚಿ ತಗೊಳ್ಳಿ."

"ನಿಜವಾಗ್ಲೂ?"

"ನಿಮಗೇ ಕೇಳಿಸ್ತಾ ಇದೆಯಲ್ಲ ಭಾವ."

ಭಾವ ಕ್ಷಣಕಾಲ ಅವನ ಮುಖ ನೋಡಿ ತಲೆಯಾಡಿಸಿದ. ಒಮ್ಮೆ ಹೊರಗೆ ಹೋದರೆ ವಾಪಸಿಲ್ಲ ಎಂದು ಅಂಗಡಿಯವನು ಎರಡು ಸಲ ಎಚ್ಚರಿಸಿದ. ಡ್ರಮ್ಮರನೇ ಅವನ ಬಾಯಿ ಮುಚ್ಚಿಸಿ ಬೂದನ್ನು ಕಟ್ಟಿಸಿದ.

ಬೀದಿಗೆ ಇಳಿದ ಭಾವ ಏನೂ ಆಗದವನಂತೆ ಬಸ್ ನಿಲ್ದಾಣದ ಕಡೆ ಹೊರಟ. ಡ್ರಮ್ಮರನ ಸಿಟ್ಟು ನೆತ್ತಿಗೇರಿತು. ತೋಳು ಹಿಡಿದು ನಿಲ್ಲಿಸಿ, ಮುಖಕ್ಕೆ ಮುಖ ಕೊಟ್ಟು ಕೇಳಿದ.

"ನಾಳೆಯಿಂದ ನಾನೇನು ಮಾಡ್ಲಿ? ಅದನ್ನಾದ್ರೂ ಹೇಳಿ."

"ಇದನ್ನ ನುಡಿಸು," ಎಂದ ಭಾವ. "ನನ್ನ ಎರಡು ಕಿವಿನೂ ಹೋದ ಹಾಗೇ ಕಣೋ, ಒಂದು ತಿಂಗಳಿಂದ ಎಲ್ಲರ ಬಾಯಿ ನೋಡ್ಕೊಂಡೇ ಕಾಲ ತಳ್ತಾ ಇದ್ದೀನಿ, ಇನ್ಮೇಲೆ ಆರ್ಕೆಸ್ಟ್ರಾ ನಿನ್ನದು, ಅದಕ್ಕೇ ನಿನ್ನ ಕೀಬೋರ್ಡು ನೀನೇ ಆರಿಸು ಅಂದೆ."