ಹೆಪ್ಪುಗಟ್ಟದ ಕೆರೆ

“ಚಿಕ್ಕ ಕೆರೆ ಕಲ್ಲಾಗಿ ಎಂಟು ದಿನವಾಯಿತು. ದೊಡ್ಡದು ಮಾತ್ರ ಇನ್ನೂ ನೀರಾಗಿಯೇ ಇದೆ. ಅದು ಹೆಪ್ಪುಗಟ್ಟಿದರೆ ಮೇಲೆಯೇ ನಡೆದು ಆಚೆ ದಡ ಸೇರಿ, ರಜದ ಮೇಲೆ ಊರಿಗೆ ಹೊರಡುತ್ತೇನೆ. ಬೇರೆ ದಾರಿ ಹಿಮದಲ್ಲಿ ಮುಚ್ಚಿಹೋಗಿದೆ.”

ಗಿರಿಜಾಂಬಾ ಕಾಗದ ಓದಿ ಕನ್ನಡಕ ತೆಗೆದರು. ಎದುರಿಗೆ ಕೂತಿದ್ದ ನೀಲಮ್ಮನಿಗೆ ಏಳು ತಿಂಗಳು ತುಂಬಿತ್ತು. ತೌರಿಲ್ಲದವಳು; ಲಡಾಖಿನಲ್ಲಿ ಸಿಪಾಯಿಯಾಗಿದ್ದ ಗಂಡ ಪುಟ್ಟಸ್ವಾಮಿ ಹೆರಿಗೆಯ ಹೊತ್ತಿಗೆ ಬಂದರೆ ಸಾಕೆಂದು ಕಾದಿದ್ದಳು. ಅವಳ ಕಾಗದ ಓದುವುದು, ಉತ್ತರ ಬರೆಯುವುದು ಚಾಮರಾಜಪುರದ ಆ ವಠಾರದಲ್ಲಿ ಗಿರಿಜಾಂಬಾ ಪಾಲಿನ ಕೆಲಸ. ಅದಕ್ಕೆ ಪ್ರತಿಯಾಗಿ ಸಂಜೆಗೊಂದು ಬಟ್ಟಲು ಸಾರು ಬರುತ್ತಿತ್ತು. ಅವರ ಹೆಸರಿಗೆ ಕಾಗದ ಬಂದು ಎಷ್ಟು ವರ್ಷವಾಯಿತೆಂದು ಅಂಚೆಯವನಿಗೂ ನೆನಪಿರಲಿಕ್ಕಿಲ್ಲ.

“ಚಳಿ ಒಂದೇ, ಜಾಗ ಒಂದೇ. ದೊಡ್ಡ ಕೆರೆಗೇನು ದಾಡಿ, ಟೀಚರಮ್ಮ?”

ಯಾರಾದರೂ ಪ್ರಶ್ನೆ ಕೇಳಿದರೆ ಸಾಕು, ಗಿರಿಜಾಂಬಾ ಅರಳಿಬಿಡುತ್ತಿದ್ದರು. ಶಾಲೆಯ ಹುಡುಗಿಯರು ಗಂಟೆ ಹೊಡೆದರೆ ಓಟ ಕೀಳುವವರು. ಮನೆಯಲ್ಲಿ ಕೇಳುವವರೇ ಇಲ್ಲ.

“ಆಳ ಕಣಮ್ಮ. ಮೇಲಿನ ನೀರು ತಣ್ಣಗಾದರೆ ಭಾರವಾಗಿ ಕೆಳಗಿಳಿಯುತ್ತೆ, ಕೆಳಗಿನ ಬೆಚ್ಚನೇದು ಮೇಲೆ ಬರುತ್ತೆ. ಹಾಗೆ ಹೊಟ್ಟೆಯೆಲ್ಲ ತಣ್ಣಗಾಗೋವರೆಗೂ ಮೇಲೆ ಕೆನೆ ಕಟ್ಟೋಲ್ಲ. ಸಾಲದ್ದಕ್ಕೆ ಆ ನೀರು ಉಪ್ಪುಪ್ಪು ಅಂತ ಹೋದ ಕಾಗದದಲ್ಲಿ ಬರೆದಿದ್ದರಲ್ಲ? ಉಪ್ಪು ಸೇರಿದ ನೀರು ಅಷ್ಟು ಬೇಗ ಹೆಪ್ಪುಗಟ್ಟೋಲ್ಲ.”

ನೀಲಮ್ಮನ ಮುಖ ಬಿಳಿಚಿಕೊಂಡಿತು. “ಅಯ್ಯೋ, ಕೆಲ್ಸ ಕೆಡಿಸ್ಬುಟ್ನಲ್ಲ! ಹೋದ ಸೋಮವಾರ ನಂಜನಗೂಡಿಗೆ ಹೋಗಿ, ಉಪ್ಪು ಕರಗ್ದಂಗೆ ನಮ್ ಕಷ್ಟ ಕರಗ್ಲಿ ಅಂತ ಕಪಿಲೆಗೆ ಒಂದು ಸೇರು ಉಪ್ಪು ಸುರಿದ್ಬುಟ್ಟು ಬಂದೆ ಕಣ್ರೀ!”

ಗಿರಿಜಾಂಬಾ ನಕ್ಕೇಬಿಟ್ಟರು. “ಕಪಿಲೆ ಎಲ್ಲಿ, ಲಡಾಖ್ ಎಲ್ಲಿ, ಹುಚ್ಚಿ!”

“ಗಂಗಮ್ಮ ಎಲ್ಲಾ ಕಡೆ ಒಬ್ಳೇ ಅಲ್ವಾ?” ಎಂದಳು ನೀಲಮ್ಮ. ಅವಳು ನಗಲಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿಧಾನವಾಗಿ ಎದ್ದು ಹೋದಳು. ಪಾಠ ಹೇಳುವ ಚಪಲಕ್ಕೆ ಬಾಯಿ ಬಿಡಬಾರದಿತ್ತು ಎಂದು ಗಿರಿಜಾಂಬಾ ಮನಸ್ಸಿಗೆ ಪಿಚ್ಚೆನಿಸಿತು.

ಮರುದಿನ ಸಂಜೆ ಬಟ್ಟಲು ಎಂದಿನಂತೆ ಬಂತು. ಹೊಸ್ತಿಲ ಒಳಗಿಟ್ಟು ನೀಲಮ್ಮ ಹೇಳಿದಳು: “ಸಾರಿಗೆ ಉಪ್ಪು ಹಾಕಿಲ್ಲ ಟೀಚರಮ್ಮ. ಆ ಕೆರೆ ಗಟ್ಟಿಯಾಯ್ತು ಅಂತ ಕಾಗದ ಬರೋಗಂಟ ಉಪ್ಪು ಮುಟ್ಟಲ್ಲ ಅಂತ ಹರಸ್ಕೊಂಡಿವ್ನಿ. ನೀವು ಬೇಕಾದಷ್ಟು ಹಾಕ್ಕೊಳ್ಳಿ. ನೀವು ಕಾಯೋರು ಯಾರೂ ಇಲ್ವಲ್ಲ.”

ಆಡಿದವಳ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಮಾತೂ ಸುಳ್ಳಲ್ಲ. ಗಿರಿಜಾಂಬಾ ಅನ್ನಕ್ಕೆ ಸಾರು ಬಡಿಸಿಕೊಂಡರು.

ಮೊದಲ ತುತ್ತು ಬರೀ ಸಪ್ಪೆ. ಉಪ್ಪಿನ ಜಾಡಿ ಕೈಗೆಟುಕುವ ಗೂಡಿನಲ್ಲೇ ಇತ್ತು. ಅವರು ಎದ್ದು ಅದನ್ನು ತೆಗೆದುಕೊಂಡರು. ಸ್ಟೂಲು ಹತ್ತಿ, ಅಟ್ಟದ ಮೇಲೆ ಕೈಗೆ ಸಿಗದಷ್ಟು ಒಳಕ್ಕೆ ತಳ್ಳಿ ಬಂದು, ಎರಡನೆಯ ತುತ್ತು ಕಲಸಿದರು.