ಕಸ್ತೂರಿಗೆ ಬಿದ್ದ ಎರಡನೆಯ ಮತ

ಪಕ್ಷದ ಸದಸ್ಯರೆಲ್ಲರೂ ರಾಷ್ಟ್ರಾಧ್ಯಕ್ಷ ಹುದ್ದೆಯ ಟಿಕೆಟ್ಟಿಗೆ ಸ್ಪರ್ಧಿಸುವುದು ರೂಢಿಯಾಗಿ ಬಹಳ ಕಾಲವಾಗಿತ್ತು. ಎಲ್ಲರೂ ತಮಗೆ ತಾವೇ ಮತ ಹಾಕಿಕೊಳ್ಳುತ್ತಿದ್ದರು, ಎಲ್ಲರಿಗೂ ಒಂದೊಂದೇ ಮತ ಬೀಳುತ್ತಿತ್ತು, ಕೊನೆಗೆ ಚೀಟಿ ಎತ್ತಿ ಒಬ್ಬರನ್ನು ಆರಿಸುತ್ತಿದ್ದರು. ಈ ಸಲ ಮಾತ್ರ ಗದಗದ ಕಸ್ತೂರಿಗೆ ಎರಡು ಮತ ಬಿದ್ದಿವೆ, ಟಿಕೆಟ್ ಅವಳದೇ ಎಂದು ರೇಡಿಯೋ ಹೇಳಿತು.

ಗಂಡ ಶಿವಪುತ್ರಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ.

"ನಿನಗ ಓಟು ಹಾಕಿದಾಂವ ಯಾರು?"

"ನನಗೇನ್ ಗೊತ್ರಿ? ನೀವಂತೂ ಅಲ್ಲ ಬಿಡ್ರಿ."

"ಎದುರುಮನಿ ದರ್ಜಿ ನಿನ್ನ ಕಂಡ್ರ ಭಾಳ ನಗತಾನ."

"ಅವನೂ ನಿಂತಾನಲ್ರಿ. ತನ್ನ ಓಟು ಬ್ಯಾರೇದವ್ರಿಗೆ ಯಾಕ ಹಾಕ್ತಾನ?"

ರೇಡಿಯೋ ಮುಂದುವರಿಯಿತು: ಇಡೀ ದೇಶದಲ್ಲಿ ಒಂದೂ ಮತ ಬೀಳದ ಅಭ್ಯರ್ಥಿ ಒಬ್ಬರೇ, ಅದೇ ಗದಗದ ಚೆನ್ನಬಸವ್ವ.

ಇಬ್ಬರೂ ಮೂಲೆಯತ್ತ ತಿರುಗಿದರು. ಸೊಸೆ ಮಾಡಿದ ಸಾರನ್ನು ಇವತ್ತಿನವರೆಗೆ ಒಮ್ಮೆಯೂ ಹೊಗಳದ ಅತ್ತೆ ಚೆನ್ನಬಸವ್ವ ಅಲ್ಲಿ ಕೂತು ನೆಮ್ಮದಿಯಾಗಿ ಎಲೆಗೆ ಸುಣ್ಣ ಸವರುತ್ತಿದ್ದಳು.

"ಅತ್ತಿಯಾರ, ನೀವ ಹಾಕೀರೇನ್ರಿ?" ಕಸ್ತೂರಿಗೆ ಖುಷಿಗಿಂತ ಸಂಶಯವೇ ಹೆಚ್ಚಾಯಿತು. "ಯಾಕ್ರಿ?"

"ನೀ ದಿಲ್ಲಿಗೆ ಹೋದ ಮ್ಯಾಲರ," ಎಂದಳು ಅತ್ತೆ, "ನನ್ನ ಅಡಗಿಮನಿ ನನಗ ಸಿಗತದಲ್ಲ."