ಜೋಡಿಸಿಟ್ಟ ಚಪ್ಪಲಿ

"ಕಾಲು ಜಾರಿ ಬಿದ್ದನಂತೆ," ಎಂದಳು ಮಗಳು ಟೀವಿಯಿಂದ ಕಣ್ಣು ತೆಗೆಯದೆ. "ಯಾರ ಕಿವಿಗೆ ಹೂವಿಡ್ತಾರೆ ಇವರು?"

ಹೋಟೆಲಿನ ನೀಲಿ ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಿದ್ದ ತಾಯಿಯ ಕೈ ತೋಳಿನ ಮೇಲೆಯೇ ನಿಂತುಬಿಟ್ಟಿತು. ಸುಟ್ಟ ವಾಸನೆ ಬಂದ ಮೇಲೆ ಪೆಟ್ಟಿಗೆ ಎತ್ತಿದಳು. ಕಂದು ಗುರುತು ಕೂತೇಬಿಟ್ಟಿತ್ತು.

ಟೀವಿಯಲ್ಲಿ ಇನ್ಸ್‌ಪೆಕ್ಟರ್ ಬೆವರುತ್ತಿದ್ದ. ಪರದೇಶದಿಂದ ಬಂದ ಪ್ರವಾಸಿ, ಅದೇ ಹೋಟೆಲಿನ ಐದನೇ ಮಹಡಿಯ ಬಾಲ್ಕನಿ, ಒದ್ದೆ ನೆಲ, ಗಿಡ್ಡ ಕಂಬಿ, ಆಕಸ್ಮಿಕ ಸಾವು. ಈ ಊರಿನ ಪೊಲೀಸರಿಗೆ ಇದೊಂದು ಬಾಯಿಪಾಠ. ಠಾಣೆಯೊಳಗೆ ಸತ್ತವರೂ ಕಾಲು ಜಾರಿಯೇ ಸತ್ತಿದ್ದರು, ಹೊಳೆಯಲ್ಲಿ ತೇಲಿದವರೂ ಕಾಲು ಜಾರಿಯೇ ತೇಲಿದ್ದರು. ಹಾಗಾಗಿ ಜನ ನಕ್ಕರು. ಒದ್ದೆಯಿದ್ದರೆ ಪೊಲೀಸರದೇ ಫೋಟೋದಲ್ಲಿ ನೆಲ ಒಣಗಿರುವುದು ಹೇಗೆ? ಜಾರಿದವನ ಚಪ್ಪಲಿ ಬಾಗಿಲ ಬಳಿ ಜೋಡಿಯಾಗಿ ಕೂತಿರುವುದು ಹೇಗೆ? ಪುಣ್ಯಾತ್ಮ ಟವೆಲನ್ನು ಮಡಚಿಟ್ಟು ಆಮೇಲೆ ಬಿದ್ದನೇ? ಸತ್ತವನ ದೇಶದಲ್ಲೂ ಜನ ಬೀದಿಗಿಳಿದಿದ್ದರು, ಇಲ್ಲೂ ಇಳಿದಿದ್ದರು.

"ನೆಲ ಒರೆಸಿದವರು ಯಾರೋ, ತಳ್ಳಿದವರೂ ಅವರೇ," ಎಂದಳು ಮಗಳು. "ಇಷ್ಟೂ ಗೊತ್ತಾಗಲ್ವಾ ಇವರಿಗೆ?"

ನೆಲ ಒರೆಸಿದವಳು ತಾಯಿಯೇ.

ಆ ಬೆಳಿಗ್ಗೆ ಅವಳು ಬಾಲ್ಕನಿಗೆ ಸೋಪಿನ ನೀರು ಹಾಕಿ ಉಜ್ಜುತ್ತಿದ್ದಳು. ಪ್ರವಾಸಿ ಸ್ನಾನ ಮುಗಿಸಿ, ಟವೆಲನ್ನು ಹೆಗಲಿಗೆ ಹಾಕಿಕೊಂಡು, ಹೋಟೆಲಿನ ಬಿಳಿ ಚಪ್ಪಲಿಯಲ್ಲಿ ನಗುತ್ತಾ ಹೊರಬಂದ. ತಡೆಯೋಣವೆಂದರೆ ಅವನ ಭಾಷೆ ಬಾರದು. ಕೈ ಚಾಚುವಷ್ಟರಲ್ಲಿ ಅವನು ಜಾರಿ ಕಂಬಿಯಾಚೆ ಹೋಗಿದ್ದ. ಕೂಗಬೇಕೆಂದೂ ಅವಳಿಗೆ ತೋಚಲಿಲ್ಲ. ಕೈ ಮಾತ್ರ ತನ್ನ ಪಾಡಿಗೆ ಕೆಲಸಕ್ಕಿಳಿಯಿತು. ನೀರು ಒರೆಸಿತು, ಬಿದ್ದ ಟವೆಲ್ ಮಡಚಿತು, ದಿಕ್ಕಿಗೊಂದಾಗಿ ಹಾರಿದ್ದ ಚಪ್ಪಲಿಗಳನ್ನು ತುದಿ ಬಾಗಿಲ ಕಡೆಗಿರುವಂತೆ ಜೋಡಿಸಿಟ್ಟಿತು. ಆ ಹೋಟೆಲಿನಲ್ಲಿ ಹರಡಿದ ಕೋಣೆಯನ್ನು ಹಾಗೇ ಬಿಟ್ಟು ಯಾರೂ ಹೊರಬರುವಂತಿಲ್ಲ. ವರ್ಷಗಟ್ಟಲೆ ಬೈಸಿಕೊಂಡು ಕಲಿತ ಪಾಠ ಅದು. ಕೆಳಗಿನಿಂದ ಗಲಾಟೆ ಕಿವಿಗೆ ಬೀಳುವ ಹೊತ್ತಿಗೆ ಕೋಣೆ ಕನ್ನಡಿಯ ಹಾಗಿತ್ತು.

ಮೇಲ್ವಿಚಾರಕಿ ಅವಳ ಬಾಯಿಗೆ ಬೀಗ ಹಾಕಿದಳು. ಆ ಹೊತ್ತಿನಲ್ಲಿ ಆ ಮಹಡಿಯಲ್ಲಿ ಕೆಲಸದವರು ಯಾರೂ ಇರಲಿಲ್ಲ ಎಂದು ಹೋಟೆಲು ಹೇಳಿತು. ಪೊಲೀಸರೋ, ವಿಚಾರಿಸುವ ಗೋಜಿಗೇ ಹೋಗದೆ ಹಳೆಯ ಬಾಯಿಪಾಠ ಒಪ್ಪಿಸಿದರು. ಜನ್ಮದಲ್ಲಿ ಒಂದು ಸಲ ಅದು ನಿಜವಾಗಿತ್ತು.

ಟೀವಿ ನೋಡಿದ ಮರುದಿನ ಹೋಟೆಲಿನ ಹಿಂಬಾಗಿಲಲ್ಲಿ ಸತ್ತವನ ಅಕ್ಕ ನಿಂತಿದ್ದಳು. ಮುಂಬಾಗಿಲಲ್ಲಿ ತಮ್ಮನ ಫೋಟೋ ಹಿಡಿದು ಹೋಗಿಬರುವವರನ್ನೆಲ್ಲ ಕೇಳಿ ಸಾಕಾಗಿ ಈಗ ಇತ್ತ ಬಂದಿದ್ದಳು. ಈ ತಾಯಿಯ ತೋಳು ಹಿಡಿದು ಏನೋ ಕೇಳಿದಳು. ಮಾತು ತಿಳಿಯಲಿಲ್ಲ, ಕೇಳಿದ್ದೇನೆಂದು ಚೆನ್ನಾಗಿ ತಿಳಿಯಿತು. ಇವಳು ತೋಳು ಬಿಡಿಸಿಕೊಂಡು, ಕೆಲಸಕ್ಕೆ ಹೋಗದೆ, ಹಾಕಿದ್ದ ಸಮವಸ್ತ್ರದಲ್ಲೇ ನೇರ ಠಾಣೆಗೆ ನಡೆದಳು. ಒಂದು ನಿಜ ಹೇಳಿದರೆ ಆ ಹೆಂಗಸು ಅತ್ತು, ಹಗುರಾಗಿ, ಊರಿಗೆ ಹೋದಾಳು. ಮನೆಯಲ್ಲಿ ಮಗಳ ಮುಖವನ್ನೂ ನೆಟ್ಟಗೆ ನೋಡಬಹುದು.

ಎಲ್ಲವನ್ನೂ ಹೇಳಿದಳು. ಇನ್ಸ್‌ಪೆಕ್ಟರ್ ಮೊದಲು ಆಕಳಿಸುತ್ತಾ ಕೇಳಿದ. ಚಪ್ಪಲಿಯ ಮಾತು ಬಂದಾಗ ನೆಟ್ಟಗೆ ಕೂತ.

"ಕೋಣೇಲಿ ನೀವೊಬ್ಬರೇ ಇದ್ರಾ?"

"ಒಬ್ಬಳೇ ಸಾರ್."

"ಬೇರೆ ಯಾರೂ ನೋಡಿಲ್ಲ?"

ಇಲ್ಲವೆಂದಳು. ಅವನು ಅವಳಿಗೆ ಟೀ ತರಿಸಿದ. ಜನ ತನ್ನನ್ನು ಹೇಗೆ ಆಡಿಕೊಳ್ಳುತ್ತಿದ್ದಾರೆ, ಮೇಲಿನವರು ಹೇಗೆ ಜೀವ ತಿನ್ನುತ್ತಿದ್ದಾರೆ ಎಂದು ಅಣ್ಣನ ಹಾಗೆ ಕಷ್ಟ ತೋಡಿಕೊಂಡ.

"ಈಗ ಜನ ನಂಬ್ತಾರಾ ಸಾರ್?"

"ಖಂಡಿತ ನಂಬ್ತಾರಮ್ಮ," ಎಂದ ಅವನು. "ನಿಮ್ಮಂಥೋರು ಒಬ್ಬರು ಸಿಕ್ಕಿದ್ರೆ ಸಾಕಾಗಿತ್ತು ನಮಗೆ."

ಜೀಪಿನಲ್ಲೇ ಹೋಟೆಲಿಗೆ ಕರೆದೊಯ್ದರು. ಬಾಲ್ಕನಿಯಲ್ಲಿ ಅವಳು ನಿಂತಿದ್ದ ಜಾಗ, ಅವನು ಜಾರಿದ ಜಾಗ, ತಡೆಯಲು ಕೈ ಚಾಚಿದ ರೀತಿ, ಎಲ್ಲವನ್ನೂ ಮಾಡಿ ತೋರಿಸಿದಳು. ಫೋಟೋದವನು ಕೈಯನ್ನು ಇನ್ನೂ ಸ್ವಲ್ಪ ಮುಂದೆ ಚಾಚಲು ಹೇಳಿದ. ಚಾಚಿದಳು. ಆಮೇಲೆ ಮನೆಗೆ ಬಿಟ್ಟು, ಎಲ್ಲೂ ಹೋಗಬೇಡಿ ಎಂದರು. ಇಬ್ಬರು ಪೇದೆಗಳು ಬಾಗಿಲ ಹೊರಗೇ ನಿಂತರು. ಹೋಟೆಲಿನವರು ತೊಂದರೆ ಕೊಡದಿರಲೆಂದು ಕಾವಲು ಕೊಟ್ಟಿದ್ದಾರೆ ಅಂದುಕೊಂಡಾಗ ಅವಳ ಕಣ್ಣು ತುಂಬಿಬಂತು. ಇದುವರೆಗೆ ಅವಳನ್ನು ಅಷ್ಟು ಜೋಪಾನ ಮಾಡಿದವರಿರಲಿಲ್ಲ.

ಸಮವಸ್ತ್ರ ಕಳಚಿ ಮೊಳೆಗೆ ಹಾಕಿದಳು. ಸಂಜೆ ಮಗಳು ಬಂದು ಪೇದೆಗಳು ಯಾಕೆಂದು ಕೇಳಿದಾಗ ನಾಲಿಗೆ ತುದಿಗೆ ಬಂದ ಮಾತನ್ನು ನುಂಗಿಕೊಂಡು, ಟೀವಿ ಹಾಕಲು ಹೇಳಿದಳು. ದೊಡ್ಡವರ ಬಾಯಿಂದಲೇ ಕೇಳಲಿ.

ಇನ್ಸ್‌ಪೆಕ್ಟರ್ ಇವತ್ತು ಬೆವರುತ್ತಿರಲಿಲ್ಲ. ಪರದೆಯ ಮೇಲೊಂದು ಫೋಟೋ ಬಂತು. ಮುಖವನ್ನು ಮಸುಕು ಮಾಡಿದ್ದರು. ಬಾಲ್ಕನಿ, ಕಂಬಿಯತ್ತ ಚಾಚಿದ ಕೈ, ನೀಲಿ ತೋಳಿನ ಮೇಲೆ ಇಸ್ತ್ರಿಯ ಕಂದು ಗುರುತು. ಇದು ಕೊಲೆ, ನೆಲ ಒರೆಸಿದ್ದನ್ನು ಆರೋಪಿಯೇ ಒಪ್ಪಿಕೊಂಡಿದ್ದಾಳೆ ಎಂದ ಅವನು. ಬೀದಿಯಲ್ಲಿ ಜನ ಚಪ್ಪಾಳೆ ತಟ್ಟಿದರು.

ಮಗಳು ಮೊಳೆಯ ಮೇಲಿನ ಅಂಗಿ ನೋಡಿದಳು. ಆಮೇಲೆ ತಾಯಿಯನ್ನು ನೋಡಿದಳು.

"ಕಾಲು ಜಾರಿ ಬಿದ್ದ ಕಣೇ," ಎಂದಳು ತಾಯಿ. "ನನ್ನ ಕಣ್ಣೆದುರೇ."

ಮಗಳು ಎದ್ದು ಹೋಗಿ ಹೊರಗಿದ್ದ ಪೊಲೀಸರಿಗೆ ಬಾಗಿಲು ತೆಗೆದಳು.